ಮಗಳ ಪಿಸ್ತೂಲು ಅರ್ಧ ಕೆಜಿ, ಅಪ್ಪಯ್ಯನ ರಿವಾಲ್ವರ್ ಐದು ಕೆಜಿ: ಟ್ರಿಗರ್ ತೂಕದ ಲೆಕ್ಕ

ಪ್ರಶ್ನೆ: ಶಿರಸಿ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ. ಅಪ್ಪಯ್ಯನ ಕಾಲದ .32 ರಿವಾಲ್ವರ್ ಈಗ ನನ್ನ ಹೆಸರಿನ ಲೈಸೆನ್ಸಿನಲ್ಲಿದೆ. ಟ್ರಿಗರ್ ಎಳೆದರೆ ಬೆರಳು ನೋಯುವಷ್ಟು ಬಿಗಿ, ಚಳಿಗಾಲದಲ್ಲಂತೂ ಇನ್ನೂ ಬಿಗಿ. ಮಗಳು ಕಾಲೇಜಿನಲ್ಲಿ 10 ಮೀಟರ್ ಏರ್ ಪಿಸ್ತೂಲು ಕಲಿಯುತ್ತಿದ್ದಾಳೆ. ಅದರ ಟ್ರಿಗರ್ ಮುಟ್ಟುವಷ್ಟರಲ್ಲಿ ಬಿಟ್ಟುಹೋಗುತ್ತದೆ. ಕಾರವಾರದಲ್ಲಿ ಪೊಲೀಸ್ ಇಲಾಖೆಯಲ್ಲಿರುವ ಭಾವ, ತಮ್ಮ 9 ಎಂಎಂ ಪಿಸ್ತೂಲು ಇವೆರಡರ ನಡುವಿನದು, ಆದರೆ ಎಳೆಯುವಾಗ ಮರಳು ಸಿಕ್ಕ ಹಾಗೆ ಆಗುತ್ತದೆ ಎನ್ನುತ್ತಾರೆ. ಮೂರಕ್ಕೂ ಇಷ್ಟೊಂದು ವ್ಯತ್ಯಾಸ ಏಕೆ? ರಿವಾಲ್ವರನ್ನು ಹಗುರ ಮಾಡಿಸಬಹುದೇ? ಮಗಳು ಖಾಲಿ ರಿವಾಲ್ವರಿನ ಟ್ರಿಗರ್ ಎಳೆದು ಅಭ್ಯಾಸ ಮಾಡಿದರೆ ಬೆರಳು ಗಟ್ಟಿಯಾಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಅದು ಚಿಕ್ಕದು: ಬೇಡ. ಟ್ರಿಗರ್ ಬಿಡಿಸಲು ಬೇಕಾದ ಬಲವನ್ನೇ ಅದರ ತೂಕ ಎನ್ನುತ್ತಾರೆ, ನಿಮ್ಮ ರಿವಾಲ್ವರಿಗೆ ಅದು ಐದು ಕೆಜಿಯ ಸುತ್ತ. ಐದು ಕೆಜಿ ಎಳೆಯುವ ಬೆರಳು ತಾನೊಂದೇ ಎಳೆಯುವುದಿಲ್ಲ, ಇಡೀ ಅಂಗೈಯನ್ನು ಜೊತೆಗೆ ಹಿಂಡುತ್ತದೆ. ಏರ್ ಪಿಸ್ತೂಲಿನಲ್ಲಿ ನಿಮ್ಮ ಮಗಳು ಕಲಿಯಬೇಕಾದದ್ದು ಇದಕ್ಕೆ ಪೂರ್ತಿ ಉಲ್ಟಾ. ಉಳಿದ ಬೆರಳುಗಳ ಹಿಡಿತ ಒಂದಿಷ್ಟೂ ಬದಲಾಗದೆ ತೋರುಬೆರಳು ಮಾತ್ರ ಸರಿಯಬೇಕು. ರಿವಾಲ್ವರಿನಲ್ಲಿ ಹತ್ತು ದಿನ ಅಭ್ಯಾಸ ಮಾಡಿದರೆ ಅಂಗೈ ಹಿಂಡುವ ಚಾಳಿ ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸಲು ಕೋಚ್‌ಗೆ ತಿಂಗಳುಗಟ್ಟಲೆ ಬೇಕು. ಇನ್ನೊಂದು ವಿಷಯವೂ ಇದೆ. ಲೈಸೆನ್ಸ್ ನಿಮ್ಮ ಹೆಸರಿಗೆ ಕೊಟ್ಟಿದ್ದು, ಮನೆಗೆ ಕೊಟ್ಟಿದ್ದಲ್ಲ. ಖಾಲಿಯಾಗಿದ್ದರೂ ಅದನ್ನು ಮಗಳ ಕೈಗೆ ಅಭ್ಯಾಸಕ್ಕೆಂದು ಕೊಡುವ ಹಾಗಿಲ್ಲ. ಅವಳ 4.5 ಮಿ.ಮೀ ಏರ್ ಪಿಸ್ತೂಲಿನ ವಿಚಾರ ಬೇರೆ. .177 ಬೋರ್ (ಅದೇ 4.5 ಮಿ.ಮೀ) ಮೀರದ, ಹೊಡೆತದ ಶಕ್ತಿ 20 ಜೂಲ್ ದಾಟದ ಗಾಳಿ ಆಯುಧಕ್ಕೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ, ಮ್ಯಾಚ್ ಪಿಸ್ತೂಲುಗಳು ಆ ಮಿತಿಗಿಂತ ಎಷ್ಟೋ ಕೆಳಗಿರುತ್ತವೆ.

ಈಗ ಮೊದಲ ಪ್ರಶ್ನೆ. ಇಲಿಬೋನನ್ನು ನೆನೆಸಿಕೊಳ್ಳಿ. ಸ್ಪ್ರಿಂಗನ್ನು ಹಿಂದಕ್ಕೆಳೆದು ಕೊಂಡಿ ಸಿಕ್ಕಿಸುವುದಕ್ಕೆ ಕೈಬಲ ಬೇಕು. ಸಿಕ್ಕಿಸಿಟ್ಟ ಮೇಲೆ ಇಲಿಯ ಮೂಗು ತಾಗಿದರೂ ಸಾಕು, ಕೊಂಡಿ ಕಳಚಿಕೊಳ್ಳುತ್ತದೆ. ಎಲ್ಲ ಕೈಬಂದೂಕುಗಳಲ್ಲೂ ಈ ಎರಡು ಕೆಲಸ ಇದ್ದೇ ಇವೆ: ಸ್ಪ್ರಿಂಗನ್ನು ಬಿಗಿಯುವುದು, ಬಿಗಿದದ್ದನ್ನು ಬಿಡಿಸುವುದು. ಟ್ರಿಗರಿನ ಪಾಲಿಗೆ ಬಿಡಿಸುವ ಕೆಲಸ ಮಾತ್ರ ಬಂದಿದೆಯೋ ಅಥವಾ ಎರಡೂ ಬಂದಿವೆಯೋ ಎನ್ನುವುದರ ಮೇಲೆ ತೂಕದ ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ.

ನಿಮ್ಮ ರಿವಾಲ್ವರಿನಲ್ಲಿ ಎರಡೂ ಟ್ರಿಗರಿನ ತಲೆಯ ಮೇಲೆಯೇ ಇವೆ. ಕುದುರೆಯನ್ನು, ಅಂದರೆ ಹ್ಯಾಮರನ್ನು, ಮುಟ್ಟದೆ ನೇರ ಟ್ರಿಗರ್ ಎಳೆದರೆ ಬೆರಳು ನಾಲ್ಕು ಕೆಲಸ ಮಾಡುತ್ತಿರುತ್ತದೆ: ಸಿಲಿಂಡರಿನ ಬೀಗ ತೆಗೆಯುತ್ತದೆ, ಅದನ್ನು ಆರರಲ್ಲಿ ಒಂದು ಸುತ್ತು ತಿರುಗಿಸುತ್ತದೆ, ಮುಖ್ಯ ಸ್ಪ್ರಿಂಗನ್ನು ಒತ್ತುತ್ತಾ ಕುದುರೆಯನ್ನು ಹಿಂದಕ್ಕೆತ್ತುತ್ತದೆ, ಕೊನೆಗೆ ಬಿಟ್ಟುಬಿಡುತ್ತದೆ. ಇದು ಡಬಲ್ ಆಕ್ಷನ್. ತೂಕ ಸಾಮಾನ್ಯವಾಗಿ 4.5ರಿಂದ 5.5 ಕೆಜಿ, ಚಿಕ್ಕ ರಿವಾಲ್ವರುಗಳಲ್ಲಿ 6 ದಾಟುವುದೂ ಉಂಟು. ಅದೇ ರಿವಾಲ್ವರಿನ ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸಿ ನೋಡಿ. ಬೋನು ಕಟ್ಟಿ ಆಯಿತು. ಈಗ ಟ್ರಿಗರಿಗೆ ಉಳಿದದ್ದು ಕೊಂಡಿ ತಪ್ಪಿಸುವ ಕೆಲಸ ಮಾತ್ರ. ಇದು ಸಿಂಗಲ್ ಆಕ್ಷನ್, ತೂಕ 1.5ರಿಂದ 2.5 ಕೆಜಿ. ಒಂದೇ ಆಯುಧ, ಒಂದೇ ಸ್ಪ್ರಿಂಗ್, ತೂಕ ಅರ್ಧಕ್ಕಿಂತ ಕಡಿಮೆ.

ತೂಕ ಅಂದರೆ ಬಲ ಅಷ್ಟೇ. ಬೆರಳಿಗೆ ಆಗುವ ಆಯಾಸಕ್ಕೆ ಅದು ಎಷ್ಟು ದೂರ ಎಳೆಯಬೇಕು ಎನ್ನುವುದೂ ಸೇರುತ್ತದೆ. ಡಬಲ್ ಆಕ್ಷನ್ನಿನಲ್ಲಿ ಸರಾಸರಿ 4 ಕೆಜಿಯಂತೆ 13 ಮಿ.ಮೀ ಎಳೆದಿರಿ ಎಂದುಕೊಂಡರೆ 52, ಸಿಂಗಲ್ ಆಕ್ಷನ್ನಿನಲ್ಲಿ 2 ಕೆಜಿಯಂತೆ 1 ಮಿ.ಮೀ ಎಳೆದರೆ 2. ತಕ್ಕಡಿ ತೋರಿಸುವ ವ್ಯತ್ಯಾಸ ಎರಡೂವರೆ ಪಟ್ಟು, ಬೆರಳು ಮಾಡುವ ಕೆಲಸದ ವ್ಯತ್ಯಾಸ 25 ಪಟ್ಟಿನ ಹತ್ತಿರ. ‘ಬೆರಳು ನೋಯುತ್ತದೆ’ ಅಂದಿರಲ್ಲ, ಕಾರಣ ಇಲ್ಲಿದೆ.

ಮಗಳ ಪಿಸ್ತೂಲಿನಲ್ಲಿ ಗುಂಡನ್ನು ದೂಡುವ ಶಕ್ತಿ ಸ್ಪ್ರಿಂಗಿನಲ್ಲಿಲ್ಲ, 200 ಬಾರ್ ಒತ್ತಡದ ತನಕ ತುಂಬಿಟ್ಟ ಗಾಳಿಯ ಸಿಲಿಂಡರಿನಲ್ಲಿದೆ. ಒಳಗಿರುವ ಪುಟ್ಟ ಹ್ಯಾಮರಿನ ಕೆಲಸ ಒಂದು ವಾಲ್ವನ್ನು ಕುಟ್ಟುವುದು, ಅಷ್ಟೇ. ಅದನ್ನೂ ಪೆಲೆಟ್, ಅಂದರೆ ಅದರ ಪುಟ್ಟ ಗುಂಡು, ತುಂಬುವಾಗ ಲಿವರ್ ಎತ್ತಿ ಕೈಯಲ್ಲೇ ಬಿಗಿದಿರುತ್ತೇವೆ. ಅದರ ಚಿಕ್ಕ ಬಲವನ್ನು ಎರಡು ಮೂರು ಸನ್ನೆಗಳ ಮೂಲಕ ಇಳಿಸಿ ಟ್ರಿಗರಿಗೆ ತಂದಿರುತ್ತಾರೆ. ಮೊರಿನಿ ಕಂಪನಿಯ ಎಲೆಕ್ಟ್ರಾನಿಕ್ ಮಾದರಿಯಲ್ಲಿ ಅದೂ ಇಲ್ಲ. ಟ್ರಿಗರ್ ಒಂದು ಸ್ವಿಚ್ ಒತ್ತುತ್ತದೆ, ಉಳಿದದ್ದನ್ನು ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ನಡೆಯುವ ಅಯಸ್ಕಾಂತ, ನೋಡಿಕೊಳ್ಳುತ್ತದೆ. ಹಾಗಾಗಿ ತಯಾರಕರು ಮನಸ್ಸು ಮಾಡಿದರೆ 50 ಗ್ರಾಂ ಟ್ರಿಗರನ್ನೂ ಕೊಡಬಹುದು. ಅದನ್ನು ತಡೆದಿರುವುದು ನಿಯಮ. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ಪ್ರಕಾರ 10 ಮೀಟರ್ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ, 25 ಮೀಟರ್ ಸ್ಪರ್ಧೆಗಳ .22 ಪಿಸ್ತೂಲಿಗೆ ಕನಿಷ್ಠ 1000 ಗ್ರಾಂ. 50 ಮೀಟರ್ ಪಿಸ್ತೂಲಿಗೆ ಮಾತ್ರ ಕೆಳಮಿತಿಯೇ ಇಲ್ಲ, ಅಲ್ಲಿ ಕೆಲವರು ಉಸಿರು ತಾಗಿದರೆ ಬಿಡುವಂಥ ಟ್ರಿಗರ್ ಇಟ್ಟುಕೊಳ್ಳುತ್ತಿದ್ದರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ರಿಯೋದಲ್ಲಿ ಆಡಿದ ಆ ಸ್ಪರ್ಧೆ 2016ರ ನಂತರ ಒಲಿಂಪಿಕ್ಸ್‌ನಲ್ಲಿಲ್ಲ.

ಇವೆರಡರ ನಡುವಿನ ಜಾಗದಲ್ಲಿ ಉಳಿದವೆಲ್ಲ ಬರುತ್ತವೆ. ಗ್ಲಾಕ್‌ನಂಥ ಸ್ಟ್ರೈಕರ್ ಪಿಸ್ತೂಲಿನಲ್ಲಿ ಹೊರಗೆ ಕುದುರೆ ಇರುವುದಿಲ್ಲ. ಮೇಲಿನ ಸರಿಯುವ ಭಾಗ, ಅಂದರೆ ಸ್ಲೈಡ್, ಹಿಂದೆ ಹೋಗಿ ಬಂದಾಗ ಒಳಗಿನ ಸ್ಟ್ರೈಕರ್ (ತೋಟೆಯನ್ನು ಕುಟ್ಟುವ ಕಡ್ಡಿ) ಅರೆಬರೆ ಬಿಗಿದುಕೊಂಡಿರುತ್ತದೆ, ಉಳಿದದ್ದನ್ನು ಬೆರಳು ಬಿಗಿದು ಬಿಡುತ್ತದೆ. ಅರ್ಧ ಬೋನು ಕಟ್ಟಿಟ್ಟ ಹಾಗೆ. ತೂಕ ಸುಮಾರು 2.5 ಕೆಜಿ, ಅಂದರೆ ಐದೂವರೆ ಪೌಂಡ್, ಮೊದಲ ಗುಂಡಿಗೂ ಕೊನೆಯ ಗುಂಡಿಗೂ ಒಂದೇ. ಬೆರೆಟ್ಟಾ 92ರಂಥವುಗಳಲ್ಲಿ ಮೊದಲ ಗುಂಡು ಡಬಲ್ ಆಕ್ಷನ್, 5 ಕೆಜಿಯ ಮೇಲೆ. ಎರಡನೆಯದರಿಂದ ಸಿಂಗಲ್, ಅದರ ಅರ್ಧ. ಕಲಿಯುವವರ ಗುರಿಹಲಗೆಯಲ್ಲಿ ಮೊದಲ ಗುಂಡು ಒಂದು ಕಡೆ, ಉಳಿದವು ಒಟ್ಟಾಗಿ ಇನ್ನೊಂದು ಕಡೆ ಬಿದ್ದಿದ್ದರೆ ಬಹುಪಾಲು ಇದೇ ಬದಲಾವಣೆಯ ಕೈಚಳಕ. 1911 ಮಾದರಿಯ .45 ಪಿಸ್ತೂಲಿನಲ್ಲಿ ಟ್ರಿಗರ್ ಕೀಲಿನ ಮೇಲೆ ತೂಗುವುದಿಲ್ಲ, ಮೇಜಿನ ಡ್ರಾಯರಿನ ಹಾಗೆ ನೇರ ಹಿಂದಕ್ಕೆ ಸರಿಯುತ್ತದೆ. 2ರಿಂದ 2.5 ಕೆಜಿ ಇದ್ದರೂ ಬೆರಳಿಗೆ ಅದು ಹಗುರ ಅನ್ನಿಸುತ್ತದೆ.

‘ಅನ್ನಿಸುತ್ತದೆ’ ಎಂದದ್ದು ಸುಮ್ಮನೆ ಅಲ್ಲ. ಎರಡು ಪಿಸ್ತೂಲುಗಳ ತೂಕ ಗ್ರಾಂ ಲೆಕ್ಕದಲ್ಲಿ ಒಂದೇ ಇದ್ದು, ಒಂದು ಬೆಣ್ಣೆ, ಇನ್ನೊಂದು ಕಲ್ಲು ಅನ್ನಿಸಬಹುದು. ಅಡಿಕೆ ಮನೆಗಳಲ್ಲಿ ಇದನ್ನು ಹೇಳಿಕೊಡುವುದು ಸುಲಭ. ಎಳೆತ ಶುರುವಾದಾಗ ಸಡಿಲವಾಗಿ ಸ್ವಲ್ಪ ದೂರ ಬರುವುದನ್ನು ಟೇಕಪ್ ಎನ್ನುತ್ತಾರೆ, ಬಾವಿಯ ಹಗ್ಗದ ಸಡಿಲು ಮೊದಲು ಮೇಲೆ ಬರುವ ಹಾಗೆ. ಆಮೇಲೆ ಕೊಡದ ಭಾರ ತಾಗುತ್ತದೆ, ಅದು ವಾಲ್, ಅಂದರೆ ಗೋಡೆ. ಅಲ್ಲಿಂದ ಬಿಡುವ ತನಕ ಬೆರಳಿಗೆ ಗೊತ್ತಾಗುವಂತೆ ಏನಾದರೂ ಸರಿದರೆ ಅದು ಕ್ರೀಪ್. ಬಿಡುವ ಗಳಿಗೆ ಬ್ರೇಕ್. ಚೆನ್ನಾಗಿ ಬಿಸಿಲು ಕಂಡ ಹಲಸಿನ ಹಪ್ಪಳ ಬಗ್ಗದೆ ಪಟಕ್ಕನೆ ಮುರಿಯುತ್ತದಲ್ಲ, ಒಳ್ಳೆಯ ಬ್ರೇಕ್ ಹಾಗಿರಬೇಕು. ಆಷಾಢದಲ್ಲಿ ಡಬ್ಬಿ ತೆರೆದಿಟ್ಟ ಹಪ್ಪಳ ಬಗ್ಗಿ ಬಗ್ಗಿ ಕೊನೆಗೆ ಎಲ್ಲೋ ಹರಿಯುತ್ತದೆ, ಅದು ಕ್ರೀಪ್ ಇರುವ ಟ್ರಿಗರ್. ಬಿಟ್ಟ ಮೇಲೂ ಬೆರಳು ಹಿಂದಕ್ಕೆ ನುಗ್ಗಿದರೆ ಅದು ಓವರ್‌ಟ್ರಾವೆಲ್. ದೋಟಿ ಹಾಕಿ ಕೊನೆ ಎಳೆಯುವಾಗ ತೊಟ್ಟು ಕಿತ್ತ ಕೂಡಲೇ ದೋಟಿಯ ಜೊತೆ ನಾವೂ ಹಿಂದಕ್ಕೆ ವಾಲುತ್ತೇವಲ್ಲ, ಅದೇ. ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ಈ ವಾಲಾಟ ನಡೆಯುತ್ತದೆ, ಅದಕ್ಕೇ ಅದು ಮುಖ್ಯ. ಬೆರಳು ಮುಂದೆ ಬಿಟ್ಟಾಗ ಮತ್ತೆ ಕೊಂಡಿ ಕೂಡಿಕೊಳ್ಳುವ ಜಾಗ ರೀಸೆಟ್, ಅದು ಬೇಗ ಬೇಗ ಹೊಡೆಯುವವರ ತಲೆನೋವು, ನಿಮಗಲ್ಲ.

ರಿವಾಲ್ವರಿಗೆ ಈ ಅಳತೆಗೋಲನ್ನು ಹಾಗೇ ಇಡಬಾರದು. ಡಬಲ್ ಆಕ್ಷನ್ನಿನಲ್ಲಿ ಹಪ್ಪಳ ಮುರಿಯುವ ಗಳಿಗೆ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಬೇಕಾದದ್ದು ಎಣ್ಣೆ ಹಾಕಿದ ರಾಟೆಯ ಹಾಗೆ ಮೊದಲಿಂದ ಕೊನೆಯವರೆಗೆ ಒಂದೇ ಸಮನೆ ಬರುವ ಎಳೆತ. ಕೆಲವು ರಿವಾಲ್ವರುಗಳಲ್ಲಿ, ಮುಖ್ಯವಾಗಿ ಮಡಿಚಿದ ಪಟ್ಟಿಯ ಚಪ್ಪಟೆ ಸ್ಪ್ರಿಂಗ್ ಇರುವವುಗಳಲ್ಲಿ, ಕೊನೆಯ ಎರಡು ಮೂರು ಮಿ.ಮೀ ಒಮ್ಮೆಲೆ ಭಾರವಾಗುತ್ತದೆ. ಬಿಲ್ಲಿನ ಹೆದೆಯನ್ನು ಪೂರ್ತಿ ಎಳೆಯುವಾಗ ಆಗುವ ಹಾಗೆ. ಆರಂಭದವರು ಅಲ್ಲಿ ತಡವರಿಸಿ, ಆಮೇಲೆ ಒಮ್ಮೆಗೇ ಜಗ್ಗುತ್ತಾರೆ. ಬಲಗೈಯವರ ಗುಂಡು ಆಗ ಕೆಳಗೆ ಎಡಕ್ಕೆ ಹೋಗುತ್ತದೆ.

ಹೋಗುವುದು ಏಕೆ ಎನ್ನುವುದಕ್ಕೆ ಒಂದು ಲೆಕ್ಕ ಇದೆ. .32 ರಿವಾಲ್ವರ್ 700 ಗ್ರಾಂ ಆಸುಪಾಸು, ಅದರ ಟ್ರಿಗರ್ 5 ಕೆಜಿ. ಆಯುಧದ ಏಳು ಪಟ್ಟು ಬಲವನ್ನು ಅದೇ ಆಯುಧದ ಮೇಲೆ ಹಾಕುತ್ತಿದ್ದೇವೆ. ಅದರಲ್ಲಿ ಚೂರು ಪಕ್ಕಕ್ಕೆ ಸೋರಿದರೂ ನಳಿಗೆ ತಿರುಗುತ್ತದೆ. 2014ರಲ್ಲಿ ಬಂದ ಟೈಟಾನಿಯಂ ಮಿಶ್ರಲೋಹದ ನಿರ್ಭೀಕ್ ರಿವಾಲ್ವರ್ 500 ಗ್ರಾಂ ಮಾತ್ರ, ಕೈಚೀಲದಲ್ಲಿ ಇಟ್ಟುಕೊಳ್ಳಲು ಹಗುರ, ಆದರೆ ಈ ಲೆಕ್ಕದಲ್ಲಿ ಇನ್ನೂ ಕಷ್ಟದ ಆಯುಧ. ಏರ್ ಪಿಸ್ತೂಲು ಒಂದು ಕೆಜಿಯಷ್ಟು, ಟ್ರಿಗರ್ ಅದರ ಅರ್ಧ. ಗುರಿ ನೋಡುವ ಮುಂದಿನ ಗುರುತು, ಅಂದರೆ ಸೈಟ್, ಹಿಂದಿನ ಸೈಟಿನ ನೇರದಿಂದ ಅರ್ಧ ಮಿ.ಮೀ ಸರಿದರೆ ಏನಾಗುತ್ತದೆ ನೋಡಿ. ಎರಡು ಸೈಟುಗಳ ನಡುವೆ 130 ಮಿ.ಮೀ ಇರುವ ಗಿಡ್ಡ ಆಯುಧದಲ್ಲಿ 10 ಮೀಟರ್ ದೂರಕ್ಕೆ ಗುಂಡು 38 ಮಿ.ಮೀ ತಪ್ಪುತ್ತದೆ, 320 ಮಿ.ಮೀ ಇರುವ ಏರ್ ಪಿಸ್ತೂಲಿನಲ್ಲಿ 16 ಮಿ.ಮೀ. ಏರ್ ಪಿಸ್ತೂಲು ಗುರಿಯ ಹತ್ತರ ವೃತ್ತದ ಅಡ್ಡಳತೆಯೇ 11.5 ಮಿ.ಮೀ. ಅರ್ಧ ಕೆಜಿ ಟ್ರಿಗರ್ ಯಾರದೋ ಶೋಕಿಗಲ್ಲ ಎಂದು ಇದರಿಂದ ತಿಳಿಯುತ್ತದೆ.

ನಿಮ್ಮ ಭಾವನ ಮರಳಿನ ಮಾತು ಕುತೂಹಲದ್ದು. ನಮ್ಮ ಪೊಲೀಸ್ ಮತ್ತು ಸೇನೆಯ ಹಳೆಯ 9 ಎಂಎಂ ಪಿಸ್ತೂಲೆಂದರೆ ಬಹುತೇಕ ಇಛಾಪುರದ ಸರ್ಕಾರಿ ಕಾರ್ಖಾನೆಯ ಪಿಸ್ತೂಲ್ ಆಟೊ 1ಎ, ಬ್ರೌನಿಂಗ್ ಹೈಪವರ್ ಮಾದರಿಯದು. ಅದು ಸಿಂಗಲ್ ಆಕ್ಷನ್, ಕುದುರೆ ಬಿಗಿಯದೆ ಟ್ರಿಗರ್ ಕೆಲಸವಿಲ್ಲ. ಆ ಲೆಕ್ಕಕ್ಕೆ ಹಗುರ ಇರಬೇಕಿತ್ತು, ಆದರೆ ಸೇವೆಯ ಪಿಸ್ತೂಲುಗಳಲ್ಲಿ 3 ಕೆಜಿಯ ಮೇಲೆ ಇರುವುದು ಸಾಮಾನ್ಯ. ಕಾರಣ ಎರಡು. ಟ್ರಿಗರಿನಿಂದ ಸಿಯರ್‌ಗೆ (ಬಿಗಿದ ಕುದುರೆಯನ್ನು ಹಿಡಿದಿಡುವ ಕೊಂಡಿಗೆ) ನೇರ ದಾರಿ ಇಲ್ಲ, ಸ್ಲೈಡಿನೊಳಗೆ ಕೂತ ಒಂದು ಸನ್ನೆಯ ಮೂಲಕ ಸುತ್ತಿಕೊಂಡು ಹೋಗಬೇಕು. ಎರಡನೆಯದು ಮ್ಯಾಗಝಿನ್ ಸೇಫ್ಟಿ. ತೋಟೆ ತುಂಬಿಡುವ ಡಬ್ಬಿ, ಅಂದರೆ ಮ್ಯಾಗಝಿನ್, ಇಲ್ಲದಾಗ ಟ್ರಿಗರ್ ಕೆಲಸ ಮಾಡಬಾರದೆಂದು ಟ್ರಿಗರಿನ ಹಿಂದೆ ಒಂದು ಚಿಕ್ಕ ಗೂಟ ಇಟ್ಟಿದ್ದಾರೆ. ಅದು ಸ್ಪ್ರಿಂಗಿನ ಒತ್ತಡದಲ್ಲಿ ಮ್ಯಾಗಝಿನ್ನಿನ ಮುಂಭಾಗಕ್ಕೆ ತಾಗಿಕೊಂಡು ಕೂತಿರುತ್ತದೆ, ಪ್ರತಿ ಎಳೆತಕ್ಕೂ ಆ ತಗಡನ್ನು ಉಜ್ಜುತ್ತದೆ. ಭಾವನಿಗೆ ಸಿಗುವ ಮರಳು ಇದು. ಅವರು ಬೇರೊಂದು ಮ್ಯಾಗಝಿನ್ ಹಾಕಿ ಖಾಲಿ ಪಿಸ್ತೂಲನ್ನು ಎಳೆದು ನೋಡಲಿ, ವ್ಯತ್ಯಾಸ ಕಂಡರೆ ದೋಷ ಮ್ಯಾಗಝಿನ್ನಿನ ಮುಂಭಾಗದ ತುಕ್ಕು ಅಥವಾ ಒರಟಿನದು. ಕಡಲ ಉಪ್ಪುಗಾಳಿಯ ಕಾರವಾರದಲ್ಲಿ ಇದು ಬೇಗ ಆಗುತ್ತದೆ. ಆ ಭಾಗ ಒರೆಸಿ ತೆಳ್ಳಗೆ ಎಣ್ಣೆ ಸವರಿದರೆ ಸಾಕಾಗುತ್ತದೆ. ಆ ಗೂಟವನ್ನೇ ಕಿತ್ತರೆ ಟ್ರಿಗರ್ ನುಣುಪಾಗುವುದು ನಿಜ, ಆದರೆ ಅದು ಸರ್ಕಾರದ ಆಯುಧ, ತೀರ್ಮಾನ ಇಲಾಖೆಯ ಆಯುಧ ನೋಡಿಕೊಳ್ಳುವ ಆರ್ಮರರ್‌ದು.

ಈಗ ಅಳೆಯುವುದು. ಬೆರಳಿನ ಅಂದಾಜಿಗಿಂತ ತಕ್ಕಡಿಯ ಮಾತು ನಂಬಿ. ಮದ್ದುಗುಂಡು ಬೇರೆ ಕೋಣೆಯಲ್ಲಿರಲಿ. ರಿವಾಲ್ವರನ್ನು ತೆರೆದು ಆರೂ ಕೋಣೆಗಳನ್ನು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ. ನಳಿಗೆ ಜನ ಇಲ್ಲದ ಕಡೆ ಮುಖ ಮಾಡಿರಲಿ. ಚಿರೆಕಲ್ಲಿನ ಗೋಡೆ ಸಾಲದು, ಮುಂದೆ ಮರಳು ತುಂಬಿದ ಬಕೆಟ್ ಇಡಿ. ಪೇಟೆಯಲ್ಲಿ ಸಿಗುವ, ಪ್ರಯಾಣದ ಚೀಲ ತೂಗುವ ಡಿಜಿಟಲ್ ಕೈತಕ್ಕಡಿ ರಿವಾಲ್ವರಿಗೆ ಸಾಕು. ಅದರ ಕೊಕ್ಕೆಯನ್ನು ಟ್ರಿಗರಿನ ನಡುಮಧ್ಯಕ್ಕೆ ಹಾಕಿ, ನಳಿಗೆಯ ನೇರಕ್ಕೆ ಹಿಂದಕ್ಕೆ ಎಳೆಯಿರಿ, ನಿಧಾನವಾಗಿ. ಒಮ್ಮೆಲೆ ಜಗ್ಗಿದರೆ ತಕ್ಕಡಿ ಜಾಸ್ತಿ ತೋರಿಸುತ್ತದೆ. ಕುದುರೆ ಬೀಳುವಾಗ ಖಾಲಿ ಕೋಣೆಗೆ ಬಡಿಯದಿರಲೆಂದು ಸ್ನ್ಯಾಪ್ ಕ್ಯಾಪ್, ಅಂದರೆ ಮದ್ದಿಲ್ಲದ ನಕಲಿ ತೋಟೆ, ಹಾಕುವುದು ಒಳ್ಳೆಯದು. ಐದು ಸಲ ತೂಗಿ, ಐದನ್ನೂ ಬರೆದುಕೊಳ್ಳಿ.

ಕೊಕ್ಕೆ ಎಲ್ಲಿ ಕೂರುತ್ತದೆ ಎನ್ನುವುದರಲ್ಲೇ ಜನ ಮೋಸ ಹೋಗುವುದು. ಕೀಲಿನಿಂದ 20 ಮಿ.ಮೀ ಕೆಳಗೆ 2.5 ಕೆಜಿ ತೋರಿಸಿದ ಟ್ರಿಗರ್, 25 ಮಿ.ಮೀ ಕೆಳಗಿನ ತುದಿಯಲ್ಲಿ 2 ಕೆಜಿ ತೋರಿಸುತ್ತದೆ. ಸನ್ನೆಯ ಲೆಕ್ಕ, ಅಷ್ಟೆ. ‘ನನ್ನದು ಹಗುರ’ ಎಂದು ಹೇಳುವವರು ಬಹಳ ಸಲ ತುದಿಗೆ ಕೊಕ್ಕೆ ಹಾಕಿರುತ್ತಾರೆ.

ಏರ್ ಪಿಸ್ತೂಲಿಗೆ ಎಳೆಯುವ ತಕ್ಕಡಿಗಿಂತ ತೂಗುಹಾಕುವ ತೂಕ ಮೇಲು, ಸ್ಪರ್ಧೆಯಲ್ಲಿ ಪರೀಕ್ಷಿಸುವುದೂ ಹಾಗೆಯೇ. ಪೆಲೆಟ್ ಹಾಕದೆ ಪಿಸ್ತೂಲನ್ನು ಬಿಗಿದು, ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಮೇಜಿನ ಮೇಲಿಟ್ಟ 500 ಗ್ರಾಂ ತೂಕವನ್ನು ಟ್ರಿಗರಿನಿಂದಲೇ ಎತ್ತುತ್ತಾರೆ. ತೂಕ ಮೇಜು ಬಿಟ್ಟು ಪೂರ್ತಿ ಮೇಲೆದ್ದರೂ ಟ್ರಿಗರ್ ಬಿಡಬಾರದು. ಮೂರು ಸಲದ ಅವಕಾಶ ಇರುತ್ತದೆ. ಗಾಳಿ ತುಂಬಿ, ನಿಜವಾಗಿ ಹೊಡೆಯುವ ಸ್ಥಿತಿಯಲ್ಲಿಯೇ ಪರೀಕ್ಷೆ, ಗಾಳಿ ಬಿಡದೆ ಅಭ್ಯಾಸ ಮಾಡಲು ಇರುವ ಡ್ರೈ ಫೈರ್ ಗುಂಡಿ ಒತ್ತಿ ಅಲ್ಲ. ಮನೆಯಲ್ಲಿ ತೂಕದ ಕಲ್ಲು ಇಲ್ಲದಿದ್ದರೆ ಚಿಕ್ಕ ಬಾಟಲಿಗೆ ನೀರು ತುಂಬಿ, ತಂತಿಯ ಕೊಕ್ಕೆ ಕಟ್ಟಿ, ಅಡಿಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಬಾಟಲಿ ಕೊಕ್ಕೆ ಎಲ್ಲ ಸೇರಿ 500 ಗ್ರಾಂ ಬರುವಂತೆ ನೀರು ಹೆಚ್ಚುಕಡಿಮೆ ಮಾಡಿ. ನಿಖರತೆಗೆ ಏನೂ ಕೊರತೆಯಿಲ್ಲ.

ಮಗಳ ಟ್ರಿಗರ್ ‘ಮುಟ್ಟುವಷ್ಟರಲ್ಲಿ ಬಿಟ್ಟುಹೋಗುತ್ತದೆ’ ಎಂದಿದ್ದೀರಿ. ತೂಕ 500 ಇದ್ದೂ ಹಾಗಾಗುತ್ತಿದ್ದರೆ ಎರಡು ಹಂತಗಳ ಹಂಚಿಕೆ ಸರಿಯಿಲ್ಲ. ವಾಲ್ ತಾಗುವ ತನಕದ ಎಳೆತ ಮೊದಲ ಹಂತ, ಅಲ್ಲಿಂದ ಬಿಡುವ ತನಕದ್ದು ಎರಡನೆಯದು. ಈ ಪಿಸ್ತೂಲುಗಳಲ್ಲಿ ಮೊದಲ ಹಂತಕ್ಕೆ ಒಂದು ಸ್ಕ್ರೂ, ಎರಡನೆಯದಕ್ಕೆ ಇನ್ನೊಂದು, ಮೊದಲ ಹಂತದ ಉದ್ದಕ್ಕೆ ಮತ್ತೊಂದು, ಓವರ್‌ಟ್ರಾವೆಲ್ ನಿಲ್ಲಿಸುವುದಕ್ಕೆ ಇನ್ನೊಂದು ಇರುತ್ತದೆ. ಮೊದಲ ಹಂತ 470, ಎರಡನೆಯದು 30 ಇದ್ದರೆ ಒಟ್ಟು ಸರಿಯೇ, ಆದರೆ ವಾಲ್ ಎಲ್ಲಿ ಎಂದು ಬೆರಳಿಗೆ ಗೊತ್ತಾಗುವುದಿಲ್ಲ. ಕಲಿಯುವವರಿಗೆ ಮೊದಲ ಹಂತ 350ರ ಸುತ್ತ, ಎರಡನೆಯದು 170ರ ಸುತ್ತ ಇಡುವುದು ನನ್ನ ಅಭಿಪ್ರಾಯದಲ್ಲಿ ಒಳ್ಳೆಯದು, ಗೋಡೆ ಸ್ಪಷ್ಟವಾಗಿ ತಾಗುತ್ತದೆ. ಅನುಭವ ಬಂದ ಹಾಗೆ ಅವಳೇ ಎರಡನೆಯದನ್ನು ಇಳಿಸಿಕೊಳ್ಳುತ್ತಾಳೆ. ಒಟ್ಟು 520 ಬಂತಲ್ಲ, ಆ 20 ಗ್ರಾಂ ಬೇಕೆಂದೇ ಇಟ್ಟದ್ದು. ಸರಿಯಾಗಿ 500ಕ್ಕೆ ಕಟ್ಟಿದ ಟ್ರಿಗರ್ ಸ್ಪರ್ಧೆಯ ದಿನ 495 ಆಗಿರಬಹುದು. ಹೊಡೆದು ಮುಗಿಸಿದ ಮೇಲೆ ನಡೆಯುವ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಅಂಕ ಕಳೆಯುವುದಿಲ್ಲ, ಹೆಸರನ್ನೇ ಕಳೆಯುತ್ತಾರೆ.

ಸ್ಕ್ರೂ ತಿರುಗಿಸುವಾಗ ಒಂದು ಸಲಕ್ಕೆ ಒಂದೇ ಸ್ಕ್ರೂ, ಕಾಲು ಸುತ್ತಿಗಿಂತ ಹೆಚ್ಚಿಲ್ಲ, ತಿರುಗಿಸುವ ಮೊದಲು ಅದರ ಗೀರು ಯಾವ ದಿಕ್ಕಿಗಿತ್ತು ಎಂದು ಫೋನಿನಲ್ಲಿ ಒಂದು ಚಿತ್ರ. ಸಿಯರ್ ಹಿಡಿತದ ಸ್ಕ್ರೂವನ್ನು ಮಾತ್ರ ಕೋಚ್ ಇಲ್ಲದೆ ಮುಟ್ಟಬೇಡಿ. ಹಿಡಿತ ತೀರ ಕಡಿಮೆಯಾದರೆ ಲಿವರ್ ಮುಚ್ಚಿದ ಕೂಡಲೇ ಪಿಸ್ತೂಲು ತಾನಾಗಿ ಹಾರುತ್ತದೆ. ಓವರ್‌ಟ್ರಾವೆಲ್ ಸ್ಕ್ರೂ ಬಿಗಿಯಾದರೆ ಉಲ್ಟಾ, ಎಷ್ಟು ಎಳೆದರೂ ಬಿಡುವುದಿಲ್ಲ. ಹಾಗಾದಾಗ ಹೊಸಬರು ತೂಕದ ಸ್ಕ್ರೂವನ್ನು ಸಡಿಲಿಸುತ್ತಾ ಹೋಗಿ ಎರಡನ್ನೂ ಕೆಡಿಸುತ್ತಾರೆ.

ಉಳಿದದ್ದು ರಿವಾಲ್ವರ್. ಹಗುರ ಮಾಡಿಸಬಹುದೇ ಎಂದರೆ, ಮಾಡುವವರು ಸಿಗುತ್ತಾರೆ. ಆದರೆ ಏನು ಕೊಟ್ಟು ಏನು ಪಡೆಯುತ್ತೀರಿ ಎಂದು ತಿಳಿದಿರಬೇಕು. ಮುಖ್ಯ ಸ್ಪ್ರಿಂಗ್ ಇರುವುದು ಬೆರಳಿಗೆ ತೊಂದರೆ ಕೊಡಲಿಕ್ಕಲ್ಲ, ಮದ್ದಿಗೆ ಕಿಡಿ ಕೊಡುವ, ತೋಟೆಯ ಹಿಂದಿನ ಪ್ರೈಮರನ್ನು ಕುದುರೆ ಸಾಕಷ್ಟು ಜೋರಾಗಿ ಕುಟ್ಟಲಿಕ್ಕೆ. ಅದನ್ನು ತೆಳ್ಳಗೆ ಮಾಡಿದರೆ ಎಳೆತ ಹಗುರವಾಗುತ್ತದೆ, ಹೊಡೆತವೂ ಹಗುರವಾಗುತ್ತದೆ. ಪ್ರೈಮರಿನ ಮೇಲೆ ಗುಳಿ ಮಾತ್ರ ಬೀಳುತ್ತದೆ, ಗುಂಡು ಹಾರುವುದಿಲ್ಲ. ಮಲೆನಾಡಿನ ನಾಲ್ಕು ಮಳೆಗಾಲ ಕಂಡ ತೋಟೆಗಳಲ್ಲಿ ಇದು ಇನ್ನೂ ಬೇಗ. ಟ್ರಿಗರನ್ನು ಮುಂದಕ್ಕೆ ತರುವ ಸ್ಪ್ರಿಂಗನ್ನು ಸಡಿಲಿಸಿದರೆ, ಒಮ್ಮೆ ಎಳೆದ ಟ್ರಿಗರ್ ಅರ್ಧ ದಾರಿಯಲ್ಲೇ ನಿಂತುಬಿಡಬಹುದು. ಎಲ್ಲಕ್ಕಿಂತ ಕೆಟ್ಟದ್ದು ಸಿಯರಿನ ಅಂಚಿಗೆ ಅರ ಹಾಕುವುದು. ಆ ಅಂಚುಗಳ ಮೇಲ್ಮೈಯನ್ನು ಗಡಸು ಮಾಡಿರುತ್ತಾರೆ, ಅನೇಕ ಹಳೆಯ ಆಯುಧಗಳಲ್ಲಿ ಆ ಗಡಸು ಪದರ ತೆಳ್ಳಗಿರುತ್ತದೆ. ಅರ ಅದನ್ನು ದಾಟಿದರೆ ಒಳಗಿನ ಮೆದು ಕಬ್ಬಿಣ ಉಳಿಯುತ್ತದೆ. ಮೊದಲ ತಿಂಗಳು ಟ್ರಿಗರ್ ಬೆಣ್ಣೆಯ ಹಾಗಿರುತ್ತದೆ, ಆಮೇಲೆ ಸವೆದು, ಬಿಗಿದು ನಿಲ್ಲಿಸಿದ ಕುದುರೆ ನಿಲ್ಲದೆ ಬೀಳತೊಡಗುತ್ತದೆ.

ಅಪ್ಪಯ್ಯನ ಕಾಲದಲ್ಲಿ ಯಾರಾದರೂ ಹಾಗೆ ಮಾಡಿದ್ದಾರೆಯೇ ಎಂದು ನೋಡಲು ಒಂದು ಪರೀಕ್ಷೆ ಇದೆ. ಖಾಲಿ ರಿವಾಲ್ವರಿನ ಕುದುರೆಯನ್ನು ಪೂರ್ತಿ ಬಿಗಿದು, ಟ್ರಿಗರಿನಿಂದ ಬೆರಳು ತೆಗೆದು, ಕುದುರೆಯ ಹಿಂಬದಿಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ. ಬಾಗಿಲ ಕರೆಗಂಟೆ ಒತ್ತುವುದಕ್ಕಿಂತ ಸ್ವಲ್ಪ ಜೋರು ಸಾಕು. ಕುದುರೆ ಬಿದ್ದರೆ ಸಿಯರ್ ಹಾಳಾಗಿದೆ. ಆ ರಿವಾಲ್ವರಿಗೆ ತೋಟೆ ತುಂಬಬೇಡಿ, ನೇರ ರಿಪೇರಿಗೆ. ರಿಪೇರಿಯನ್ನೂ ಶಸ್ತ್ರಾಸ್ತ್ರ ಲೈಸೆನ್ಸ್ ಇರುವ ಅಂಗಡಿಯವರೇ ಮಾಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಮಾರಾಟವನ್ನಷ್ಟೇ ಅಲ್ಲ, ರಿಪೇರಿಯನ್ನೂ ಲೈಸೆನ್ಸಿಗೆ ಒಳಪಡಿಸಿದೆ. ಊರಿನ ಲೇತ್ ಅಂಗಡಿಯವರು ಎಷ್ಟು ಜಾಣರಾದರೂ ಅವರ ಕೈಗೆ ಕೊಡುವ ಹಾಗಿಲ್ಲ.

ಇಷ್ಟಕ್ಕೂ ಆ ಐದು ಕೆಜಿ ಉಪಕಾರವನ್ನೂ ಮಾಡುತ್ತಿದೆ. ಇಂಥ ರಿವಾಲ್ವರುಗಳಲ್ಲಿ ಬೆರಳಿನಿಂದ ಹಾಕಿ ತೆಗೆಯುವ ಸೇಫ್ಟಿ ಕೀಲಿ ಸಾಮಾನ್ಯವಾಗಿ ಇರುವುದಿಲ್ಲ. ಉದ್ದವಾದ, ಭಾರವಾದ ಎಳೆತವೇ ಅದರ ಸೇಫ್ಟಿ. ಗುರಿ ಇಟ್ಟು ಹೊಡೆಯಬೇಕಾದಾಗ ಕುದುರೆ ಬಿಗಿದುಕೊಳ್ಳುವ ದಾರಿ ಇದ್ದೇ ಇದೆ, ಆಗ ಎರಡು ಕೆಜಿ. ಇನ್ನೊಂದು ಸುಲಭದ ಉಪಾಯವೆಂದರೆ ಬೆರಳಿಡುವ ಜಾಗ ಬದಲಿಸುವುದು. ಮಗಳು ಏರ್ ಪಿಸ್ತೂಲಿನಲ್ಲಿ ಬೆರಳ ತುದಿಯ ಮೆತ್ತೆಯ ಮಧ್ಯವನ್ನು ಇಡುತ್ತಾಳೆ, ಅದನ್ನು ನೋಡಿ ನೀವೂ ಹಾಗೇ ಇಟ್ಟಿದ್ದರೆ ನೋವು ಬಂದೇ ಬರುತ್ತದೆ. ಡಬಲ್ ಆಕ್ಷನ್ನಿಗೆ ಬೆರಳಿನ ಮೊದಲ ಗೆಣ್ಣಿನ ಗೆರೆ ಟ್ರಿಗರಿನ ಮೇಲೆ ಕೂರಬೇಕು.

ಕೊನೆಗೆ, ಚಳಿಗಾಲದಲ್ಲಿ ಇನ್ನೂ ಬಿಗಿ ಎಂದಿರಿ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಆ ಮಾತು. ಸ್ಪ್ರಿಂಗು ಶಿರಸಿಯ ಚಳಿಗೆ ಬಿಗಿಯಾಗುವುದಿಲ್ಲ, ಆ ಮಟ್ಟದ ಚಳಿ ಇಲ್ಲಿಲ್ಲ. ಚಳಿಗೆ ಗಟ್ಟಿಯಾಗುವುದು ಕೊಬ್ಬರಿ ಎಣ್ಣೆ. 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಡಿಸೆಂಬರಿನ ಬೆಳಗ್ಗೆ ತಲೆಗೆ ಹಚ್ಚುವ ಬಾಟಲಿ ನೋಡಿದರೆ ಗೊತ್ತು. ನಮ್ಮ ಕಡೆ ಬೀಗ, ಕತ್ತಿ, ಕೋವಿ ಎಲ್ಲಕ್ಕೂ ಅದನ್ನೇ ಹಾಕುವ ರೂಢಿ. ವರ್ಷಗಟ್ಟಲೆ ಹಾಕಿದರೆ ಬೇಸಿಗೆಯಲ್ಲಿ ಅಂಟಾಗಿ, ಧೂಳು ಹಿಡಿದು, ಸಿಲಿಂಡರಿನ ಅಚ್ಚಿನಲ್ಲೂ ಕುದುರೆಯ ಕೀಲಿನಲ್ಲೂ ಕಂದು ಗೋಂದಾಗಿ ಕೂರುತ್ತದೆ. ಖಚಿತ ಮಾಡಿಕೊಳ್ಳಲು ಮಧ್ಯಾಹ್ನ ಒಮ್ಮೆ, ಬೆಳಗಿನ ಚಳಿಯಲ್ಲಿ ಒಮ್ಮೆ ತೂಗಿ. ಅರ್ಧ ಕೆಜಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಣ್ಣೆಯದೇ ಕೆಲಸ.

ತೊಳೆಯುವ ಕ್ರಮ ಹೀಗೆ. ಹಿಡಿಕೆಯ ಮರದ ಅಥವಾ ಪ್ಲಾಸ್ಟಿಕ್ಕಿನ ಎರಡು ಹೋಳುಗಳನ್ನು ಸ್ಕ್ರೂ ಬಿಚ್ಚಿ ತೆಗೆದಿಡಿ. ಒಲೆ, ದೀಪ ಇಲ್ಲದ ಕಡೆ, ಕುದುರೆಯ ಸಂದಿಗೂ ಟ್ರಿಗರಿನ ಸಂದಿಗೂ ಸೀಮೆಎಣ್ಣೆ ಬಿಡಿ. ಹತ್ತು ನಿಮಿಷ ಬಿಟ್ಟು ಹೆಬ್ಬೆರಳಿನಿಂದ ಕುದುರೆಯನ್ನು ಹಿಡಿದುಕೊಂಡೇ ಹಿಂದೆ ಮುಂದೆ ಹತ್ತಿಪ್ಪತ್ತು ಸಲ ಆಡಿಸಿ, ಕೊಳೆ ಇಳಿಯಲು ತಲೆಕೆಳಗಾಗಿ ಇಡಿ. ಸೀಮೆಎಣ್ಣೆ ತಿಳಿಯಾಗಿ ಬರುವ ತನಕ ಮತ್ತೆ ಮಾಡಿ. ಸಿಲಿಂಡರಿನ ಹಿಂಬದಿಯಲ್ಲಿ ತೋಟೆಗಳನ್ನು ಹೊರಹಾಕುವ ನಕ್ಷತ್ರದಂಥ ತಗಡಿನ ಅಡಿಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ. ಅಲ್ಲಿ ಮದ್ದಿನ ಕರಿ ಒಂದು ಪದರ ಕೂತರೂ ತೋಟೆಗಳು ಮೇಲೆದ್ದು ಸಿಲಿಂಡರ್ ಉಜ್ಜುತ್ತದೆ, ಆಗ ಡಬಲ್ ಆಕ್ಷನ್ ಮಾತ್ರ ಭಾರವಾಗಿ ಸಿಂಗಲ್ ಸರಿಯಾಗಿಯೇ ಇರುತ್ತದೆ. ಒಂದು ರಾತ್ರಿ ಒಣಗಿದ ಮೇಲೆ ಪ್ರತಿ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದೇ ಹನಿ. ಎರಡು ಹನಿ ಹಾಕಿದರೆ ಎರಡು ಪಟ್ಟು ಒಳ್ಳೆಯದಾಗುವುದಿಲ್ಲ, ಹೆಚ್ಚಾದದ್ದು ತೋಟೆಯ ಕೋಣೆಗೆ ಇಳಿದು ಪ್ರೈಮರನ್ನು ಹಾಳು ಮಾಡುತ್ತದೆ. ಚರ್ಮದ ಚೀಲದಲ್ಲಿ ಇಟ್ಟು ಪೆಟ್ಟಿಗೆಗೆ ಹಾಕಬೇಡಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಚರ್ಮ ನೀರು ಹೀರಿ ಲೋಹಕ್ಕೆ ಕೊಡುತ್ತದೆ.

ಚುನಾವಣೆಗೆ ಠಾಣೆಗೆ ಒಪ್ಪಿಸುವ ಮೊದಲು ಹೊರಗೆ ತೆಳ್ಳಗೆ ಎಣ್ಣೆ ಸವರಿ ಕೊಡಿ, ರಸೀದಿ ತೆಗೆದುಕೊಳ್ಳಿ. ವಾಪಸು ತಂದ ದಿನ ಮತ್ತೆ ಐದು ಸಲ ತೂಗಿ ಹಳೆಯ ಅಂಕಿಗಳ ಪಕ್ಕ ಬರೆಯಿರಿ. ತೊಳೆದ ಮೇಲೆ ಡಬಲ್ ಆಕ್ಷನ್ 5.5 ಕೆಜಿಯ ಒಳಗೆ ಬಂದು, ಐದು ಅಂಕಿಗಳ ನಡುವೆ ಕಾಲು ಕೆಜಿಗಿಂತ ಹೆಚ್ಚು ಏರುಪೇರು ಇಲ್ಲದಿದ್ದರೆ ರಿವಾಲ್ವರನ್ನು ಹಾಗೇ ಬಿಡಿ. 7 ದಾಟಿಯೇ ನಿಂತರೆ, ಅಥವಾ ಒಂದು ಸಲ 4.5, ಇನ್ನೊಂದು ಸಲ 6 ಎಂದು ಕುಣಿದರೆ, ಆ ಚೀಟಿಯನ್ನೂ ಲೈಸೆನ್ಸನ್ನೂ ಹಿಡಿದುಕೊಂಡು ರಿಪೇರಿ ಅಂಗಡಿಗೆ ಹೋಗಿ. ಅಲ್ಲಿ ‘ಹಗುರ ಮಾಡಿ’ ಎನ್ನಬೇಡಿ, ‘ಎಲ್ಲಿ ಉಜ್ಜುತ್ತಿದೆ ನೋಡಿ’ ಎನ್ನಿ.